ವಿಎಫ್‌ಡಿ ಹಾಕಿದ ಮೇಲೆ ಮೋಟಾರ್ ಎರಡು ಸಲ ಸುಟ್ಟಿತು, ಓವರ್‌ಲೋಡ್ ಟ್ರಿಪ್ಪೇ ಆಗ್ಲಿಲ್ಲ

ಕಾರ್ಕಳ_ಮೇಂಟೆನೆನ್ಸ್:
ನಮಸ್ಕಾರ ಎಲ್ರಿಗೂ. ಗೇರುಬೀಜ ಫ್ಯಾಕ್ಟರಿಯಲ್ಲಿ ಕೆಲ್ಸ ನಂದು. ಕನ್ವೇಯರ್‌ಗೆ 3 ಎಚ್‌ಪಿ ಮೋಟಾರ್ ಉಂಟು, 1440 ಆರ್‌ಪಿಎಂ, ನೇಮ್‌ಪ್ಲೇಟಲ್ಲಿ 4.7 ಆಂಪ್ಸ್. ಡೈರೆಕ್ಟ್ ಓಡ್ತಿದ್ದಾಗ ಎಂತ ತೊಂದ್ರೆಯೂ ಇರ್ಲಿಲ್ಲ, ಬೀಜ ಹೆಕ್ಕುವ ಹೆಂಗಸರಿಗೆ ಸ್ಪೀಡ್ ಜಾಸ್ತಿ ಆಗ್ತದೆ ಅಂತ ವಿಎಫ್‌ಡಿ (ಮೋಟಾರಿನ ಸ್ಪೀಡ್ ಹೆಚ್ಚುಕಮ್ಮಿ ಮಾಡುವ ಡ್ರೈವ್) ಹಾಕಿ 15 ಹರ್ಟ್ಸಿಗೆ ಇಳಿಸಿದೆವು. ಎರಡೇ ತಿಂಗಳಲ್ಲಿ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಹೋಯ್ತು, ರಿವೈಂಡ್ ಮಾಡ್ಸಿ ತಂದದ್ದು ಮೊನ್ನೆ ಪುನಃ ಸುಟ್ಟಿತು. ಡ್ರೈವಲ್ಲಿ 4.4 ತೋರಿಸ್ತಿತ್ತು, ಕರೆಂಟ್ ಜಾಸ್ತಿ ಆದ್ರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ಸೆಟ್ಟಿಂಗ್ 4.7ಕ್ಕೇ ಉಂಟು. ಬಾಡಿ ಮೇಲೆ ನೀರು ಚಿಮುಕಿಸಿದ್ರೆ ಚುರ್ ಅಂತ ಆರ್ತಿತ್ತು. ಲೋಡ್ ಸರಿ ಇದ್ದು ಯಾಕೆ ಹೀಗೆ?

ಬೈಕಂಪಾಡಿ_ಪ್ಯಾನೆಲ್:
ಫ್ಯಾನ್ ಮಾರಾಯ್ರೆ. ಮೋಟಾರಿನ ಹಿಂದಿನ ಫ್ಯಾನ್ ಶಾಫ್ಟಿಗೇ ಕೂತಿರೋದಲ್ವಾ, 15 ಹರ್ಟ್ಸಲ್ಲಿ ಶಾಫ್ಟ್ 430ರ ಹತ್ರ ತಿರುಗ್ತದೆ, ಕವರ್ ಹತ್ರ ಕೈ ಹಿಡಿದು ನೋಡಿ, ಗಾಳಿಯೇ ಬರುದಿಲ್ಲ. ಪಂಪ್ ಆದ್ರೆ ಸ್ಪೀಡ್ ಇಳಿದ ಹಾಗೆ ಲೋಡೂ ಇಳೀತದೆ, ಆಗ ಚಿಂತೆ ಇಲ್ಲ. ಕನ್ವೇಯರ್ ಹಾಗಲ್ಲ, ಬೆಲ್ಟ್ ಎಳೀಲಿಕ್ಕೆ ನಿಧಾನ ಓಡಿದ್ರೂ ಅಷ್ಟೇ ಟಾರ್ಕ್ (ತಿರುಗಿಸುವ ಬಲ) ಬೇಕು, ಅಷ್ಟೇ ಕರೆಂಟ್ ಎಳೀತದೆ. ಬಿಸಿ ಮೊದ್ಲಿನಷ್ಟೇ, ತಣಿಸ್ಲಿಕ್ಕೆ ಗಾಳಿ ಇಲ್ಲ. ಓವರ್‌ಲೋಡ್ ರಿಲೇಗೆ ಆಂಪ್ಸ್ ಮಾತ್ರ ಗೊತ್ತು, ಫ್ಯಾನ್ ಎಷ್ಟು ಗಾಳಿ ಕೊಡ್ತದೆ ಅಂತ ಅದಕ್ಕೆ ಗೊತ್ತಾಗುದೇ ಇಲ್ಲ.

ಡ್ರೈವಿನ ಮೋಟಾರ್ ಥರ್ಮಲ್ ಸೆಟ್ಟಿಂಗ್ ನೋಡಿ, ಸೆಲ್ಫ್ ಕೂಲ್ಡ್ (ಶಾಫ್ಟಿನ ಫ್ಯಾನಿಂದಲೇ ತಣಿಯುವ ಮೋಟಾರ್) ಅಂತ ಆಯ್ಕೆ ಇದ್ರೆ ಅದನ್ನೇ ಇಡಿ, ಕಡಿಮೆ ಸ್ಪೀಡಲ್ಲಿ ಬೇಗ ಟ್ರಿಪ್ ಮಾಡ್ತದೆ. ಆದ್ರೆ ಅದೊಂದನ್ನೇ ನಂಬ್ಬೇಡಿ, ಅದು ಮೋಟಾರ್ ಎಷ್ಟು ಬಿಸಿ ಆಗಿರ್ಬಹುದು ಅಂತ ಡ್ರೈವ್ ಹಾಕುವ ಬರೀ ಲೆಕ್ಕ. ಕೆಲವು ಡ್ರೈವಲ್ಲಿ ಕರೆಂಟ್ ಹೋಗಿ ಬಂದ್ರೆ ಲೆಕ್ಕ ಸೊನ್ನೆಯಿಂದ ಶುರು ಆಗ್ತದೆ, ಮೋಟಾರ್ ಮಾತ್ರ ಬಿಸಿಯೇ ಇರ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗ್ತದೆ ನಿಮ್ಗೇ ಗೊತ್ತುಂಟಲ್ಲ.

ಉಡುಪಿ_ರಿವೈಂಡಿಂಗ್:
ಮೇಲಿನವರು ಹೇಳಿದ್ದು ಸರಿ. ಈ ಸಲ ರಿವೈಂಡಿಗೆ ಕೊಡುವಾಗ ಪಿಟಿಸಿ ತರ್ಮಿಸ್ಟರ್ (ವೈಂಡಿಂಗಿನ ಬಿಸಿ ತಿಳಿಸುವ ಸಣ್ಣ ಸೆನ್ಸರ್) ಹಾಕ್ಲಿಕ್ಕೆ ಹೇಳಿ, ಒಂದೊಂದು ಫೇಸಿಗೆ ಒಂದೊಂದು, ಮೂರನ್ನೂ ಸೀರೀಸಲ್ಲಿ ಸೇರಿಸಿ ಎರಡು ವಯರ್ ಟರ್ಮಿನಲ್ ಬಾಕ್ಸಿಗೆ ತಂದ್ರೆ ಸಾಕು. ಕಾಯಿಲ್ ಕಟ್ಟುವಾಗ್ಲೇ ಒಳಗೆ ಕೂರಿಸ್ಬೇಕು, ವಾರ್ನಿಷ್ ಆದ ಮೇಲೆ ಹೊರಗಿಂದ ಅಂಟಿಸಿದ್ರೆ ಪ್ರಯೋಜನ ಇಲ್ಲ. ತಣ್ಣಗಿದ್ದಾಗ ಕೆಲವು ನೂರು ಓಮ್ಸ್ ಇರ್ತದೆ, ಅದ್ರ ಡಿಗ್ರಿ ಬಂದ ಕೂಡ್ಲೇ ಸಾವಿರಗಟ್ಟಲೆಗೆ ಹಾರ್ತದೆ. ಕ್ಲಾಸ್ ಎಫ್ ಇನ್ಸುಲೇಷನ್ನಿನ ಮಿತಿ 155 ಡಿಗ್ರಿ, ಹಾಗಾಗಿ ನಾನು 140ರದ್ದು ಹಾಕ್ತೇನೆ. ಡ್ರೈವಲ್ಲಿ ಪಿಟಿಸಿ ಟರ್ಮಿನಲ್ ಇಲ್ಲದಿದ್ರೆ ತರ್ಮಿಸ್ಟರ್ ರಿಲೇ ತಂದು ಅದ್ರ ಕಾಂಟ್ಯಾಕ್ಟನ್ನು ಡ್ರೈವಿನ ಎಕ್ಸ್‌ಟರ್ನಲ್ ಫಾಲ್ಟ್ ಟರ್ಮಿನಲ್ಲಿಗೆ ಕೊಡಿ, ಬಿಸಿ ಆದ್ರೆ ಡ್ರೈವ್ ನಿಲ್ತದೆ. ಆ ಎರಡು ವಯರಿಗೆ ದಯವಿಟ್ಟು ಮೆಗ್ಗರ್ (ಹೈ ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ನೋಡುವ ಮೀಟರ್) ಹಾಕ್ಬೇಡಿ, ಮಲ್ಟಿಮೀಟರ್ ಸಾಕು.

ಮತ್ತೆ ಗೇರು ಫ್ಯಾಕ್ಟರಿಯಿಂದ ಬರುವ ಮೋಟಾರ್‌ಗಳ ಫಿನ್ ನೋಡಿದ್ರೆ ಬೇಜಾರಾಗ್ತದೆ, ಸಿಪ್ಪೆ ಧೂಳು ಗೇರೆಣ್ಣೆ ಜಿಡ್ಡಿಗೆ ಹಿಡಿದು ಕಂಬಳಿ ಹೊದ್ದ ಹಾಗೆ. ತಿಂಗಳಿಗೊಮ್ಮೆ ಆದ್ರೂ ಕೆರೆದು ತೆಗೀರಿ.

ಸುರತ್ಕಲ್_ಫಿಟ್ಟರ್:
ಯಾವಾಗ್ಲೂ 15 ಹರ್ಟ್ಸಲ್ಲೇ ಓಡಿಸುದಾ ನೀವು? ಹಾಗಾದ್ರೆ ಗೇರ್‌ಬಾಕ್ಸ್ ರೇಶಿಯೋ ಅಥವಾ ಪುಲ್ಲಿ ಬದಲಾಯಿಸಿ, ಮೋಟಾರ್ 45 ಹರ್ಟ್ಸಲ್ಲಿ ಓಡ್ಲಿ, ಬೆಲ್ಟ್ ಸ್ಪೀಡ್ ಈಗಿನದ್ದೇ ಬರ್ತದೆ. ಗಾಳಿಯೂ ಸಿಗ್ತದೆ, ಮೋಟಾರಿಗೆ ಬೇಕಾದ ಟಾರ್ಕೂ ಇಳೀತದೆ. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇ ದಾರಿ ಇದೇ. ಸ್ಪೀಡ್ ಹೆಚ್ಚುಕಮ್ಮಿ ಮಾಡ್ತಾ ಇರ್ಬೇಕು ಅಂತಾದ್ರೆ ಹಿಂದೆ ಬೇರೆ ಕೂಲಿಂಗ್ ಫ್ಯಾನ್ ಹಾಕ್ಸಿ, ಅದ್ರ ಸಪ್ಲೈ ಮೇನ್ಸಿಂದ ಕೊಡಿ, ಡ್ರೈವ್ ಔಟ್‌ಪುಟ್ಟಿಂದ ಎಳೀಬೇಡಿ.

ಕಾರ್ಕಳ_ಮೇಂಟೆನೆನ್ಸ್:
ತುಂಬಾ ಉಪಕಾರ ಆಯ್ತು. 18 ಹರ್ಟ್ಸಿನ ಮೇಲೆ ಏರಿಸಿದ್ದೇ ಇಲ್ಲ, ಹಾಗಾಗಿ ಪುಲ್ಲಿ ಅಳತೆ ತೆಗೀಲಿಕ್ಕೆ ನಾಳೆ ಬೆಳಿಗ್ಗೆಯೇ ಹೋಗ್ತೇನೆ. ರಿವೈಂಡಿಂಗಿನವರಿಗೂ ಈಗಷ್ಟೇ ಫೋನ್ ಮಾಡಿದೆ, ಕಾಯಿಲ್ ಇನ್ನೂ ಕಟ್ಟಿಲ್ಲವಂತೆ, ಪಿಟಿಸಿ ಹಾಕ್ತಾರೆ.