ಟೀಚರ್ ಹೊಡೆದರೆ ಹೋಗಿ ಕೇಳಬಹುದಾ? ಕೇಳಿದರೆ ಮಗುವಿಗೆ ತೊಂದರೆ ಆಗುತ್ತಾ?

ಪ್ರಶ್ನೆ (ತಾಯಿ, ಹಾಸನ ಜಿಲ್ಲೆ):
ನಮಸ್ತೆ ಮೇಡಂ. ಮಗಳು ಸರ್ಕಾರಿ ಶಾಲೇಲಿ ನಾಲ್ಕನೇ ಕ್ಲಾಸು. ಏಳರ ಮಗ್ಗಿ ತಪ್ಪಿದ್ದಕ್ಕೆ ಟೀಚರ್ ಸ್ಕೇಲಲ್ಲಿ ಅಂಗೈಗೆ ಹೊಡೆದಿದ್ದಾರೆ, ಸಂಜೆವರೆಗೂ ಕೆಂಪಗಿತ್ತು. ಹಾಗಂತ ಕೆಟ್ಟೋರಲ್ಲ, ಇವಳಿಗೆ ಓದೋದು ಕಲಿಸಿದ್ದೇ ಅವರು. ಮನೆಯವರು "ನಾವೇನು ಏಟು ತಿನ್ನದೆ ದೊಡ್ಡೋರಾದ್ವಾ, ಸುಮ್ನಿರು" ಅಂತಾರೆ. ಪಕ್ಕದ ಬೀದಿಯ ಇಬ್ಬರು ತಾಯಂದಿರು ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲೇ ಹಾಕಿಬಿಡು ಅಂತಿದ್ದಾರೆ. ನನ್ನ ಭಯ ಒಂದೇ. ಕೇಳಿದ್ರೆ ಆ ಸಿಟ್ಟನ್ನ ಮಗು ಮೇಲೆ ತೀರಿಸಿಕೊಂಡ್ರೆ?

ಉತ್ತರ (ನಿವೃತ್ತ ಮುಖ್ಯಶಿಕ್ಷಕಿ):
ಕೇಳಬಹುದು, ಕೇಳಲೇಬೇಕು. ಆದರೆ ಗ್ರೂಪಿನಲ್ಲಿ ಬೇಡ. ಅಲ್ಲಿ ಹಾಕಿದ ತಕ್ಷಣ ಟೀಚರ್ ನಿಮಗೆ ಉತ್ತರ ಕೊಡುವುದನ್ನು ಬಿಟ್ಟು, ಓದುತ್ತಿರುವ ಅಷ್ಟೂ ಜನರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ನೋಡುತ್ತಾರೆ. ನೀವೂ ಹಿಂದೆ ಸರಿಯುವ ಹಾಗಿಲ್ಲ, ಅವರೂ ಸರಿಯುವ ಹಾಗಿಲ್ಲ. ಎರಡು ನಿಮಿಷದಲ್ಲಿ ಮುಗಿಯುವ ಮಾತು ಊರಿನ ಪಂಚಾಯಿತಿ ಆಗುತ್ತದೆ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಹೋಗಿ. ಬೆಳಗ್ಗೆ ಪ್ರಾರ್ಥನೆಯ ಹೊತ್ತು ಬೇಡ, ಆಗ ಯಾರಿಗೂ ಮಾತಾಡುವ ಪುರುಸೊತ್ತಿಲ್ಲ. ಮಗಳನ್ನು ಹೊರಗೆ ಆಡಲು ಬಿಡಿ, ಅವಳ ಗಣಿತದ ನೋಟ್‌ಬುಕ್ ಮಾತ್ರ ಕೈಯಲ್ಲಿರಲಿ. ಮೊದಲು "ಏನಾಯ್ತು ಮೇಡಂ" ಅಂತ ಕೇಳಿ, ಪೂರ್ತಿ ಹೇಳಲು ಬಿಡಿ. ಆಮೇಲೆ ಮೆತ್ತಗೆ, ಆದರೆ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಹೇಳಿ: "ಮಗ್ಗಿ ಮನೇಲಿ ನಾನು ಹೇಳಿಸ್ತೀನಿ, ಹೊಡೆಯೋದು ಮಾತ್ರ ಬೇಡ."

ಇದು ನೀವು ಕೇಳುವ ಉಪಕಾರ ಅಂದುಕೊಳ್ಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಅವರ ಸೇವಾ ನಿಯಮದಡಿ ಶಿಸ್ತು ಕ್ರಮ ಆಗಬೇಕು. "ದಡ್ಡಿ" ಅಂತ ಎಲ್ಲರೆದುರು ಹಂಗಿಸುವುದಕ್ಕೂ ಅಲ್ಲಿ ಜಾಗವಿಲ್ಲ.

ಇನ್ನು ನಿಮ್ಮ ಭಯ. ಅದು ಸುಳ್ಳು ಅನ್ನಲಾರೆ, ಸ್ಟಾಫ್ ರೂಮಿನಲ್ಲಿ ಅಂಥ ಮಾತು ಕೇಳಿದ್ದೇನೆ. ಸಿಟ್ಟು ಏಟಿನ ರೂಪದಲ್ಲೇ ಬರಬೇಕೆಂದಿಲ್ಲ. ನೋಟ್‌ಬುಕ್ ತಿದ್ದುವುದು ನಿಲ್ಲುತ್ತದೆ, ಕೂರುವ ಜಾಗ ಹಿಂದಕ್ಕೆ ಹೋಗುತ್ತದೆ, ಕೈ ಎತ್ತಿದರೂ ಮಗುವನ್ನು ಕೇಳುವುದಿಲ್ಲ. ಹೀಗೇನಾದರೂ ಕಂಡರೆ ತಾರೀಖು ಹಾಕಿ ಬರೆದಿಟ್ಟುಕೊಂಡು ಮುಖ್ಯಶಿಕ್ಷಕರಿಗೆ ಅರ್ಜಿ ಕೊಡಿ. ಪ್ರತಿಯ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಅಲ್ಲಿ ಆಗದಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಅದರಾಚೆಗೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಗಾಯವೇ ಆಗಿದ್ದರೆ ಈ ಮೆಟ್ಟಿಲನ್ನೆಲ್ಲ ಹತ್ತಬೇಕಿಲ್ಲ, ನೇರ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಪ್ರತಿಕ್ರಿಯೆ (ಸೇವೆಯಲ್ಲಿರುವ ಶಿಕ್ಷಕ):
ಮೇಡಂ, ಒಪ್ಪುತ್ತೇನೆ. ಆದರೆ "ಎರಡು ಬಿಗೀರಿ ಸಾರ್, ಮನೇಲಿ ಮಾತೇ ಕೇಳಲ್ಲ" ಅಂತ ಬರುವವರೂ ಪೋಷಕರೇ. ಬಿಸಿಯೂಟದ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್ ಎಂಟ್ರಿ, ಮತದಾರರ ಪಟ್ಟಿ. 2025ರ ದಸರಾ ಹೊತ್ತಿನಲ್ಲಿ ಜಾತಿ ಸಮೀಕ್ಷೆಗೆ ಮನೆ ಮನೆ ಸುತ್ತಿದವರೂ ನಾವೇ. ಕಲಿಸುವುದಕ್ಕೆ ಉಳಿಯುವ ಹೊತ್ತಾದರೂ ಎಷ್ಟು?

ಉತ್ತರ:
ಮೇಷ್ಟ್ರೇ, ನೀವು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅನ್ನುತ್ತದೆ. ಇದು ಪೋಷಕರಿಗೂ ಗೊತ್ತಿರಬೇಕು. ಟೀಚರ್ ಇಲ್ಲದ ದಿನ "ಸಂಬಳ ಎಣಿಸೋಕೆ ಹೋದ್ರು" ಅನ್ನುವವರು ಒಮ್ಮೆ ಎಲ್ಲಿ ಹೋಗಿದ್ದಾರೆಂದು ವಿಚಾರಿಸಲಿ. ಆದರೆ ಮೇಲಿನವರು ಹೊರಿಸಿದ ಭಾರವನ್ನು ಒಂಬತ್ತು ವರ್ಷದ ಹುಡುಗಿಯ ಅಂಗೈ ಮೇಲೆ ಇಳಿಸುವ ಹಾಗಿಲ್ಲ. ಅಪ್ಪನೇ "ಬಿಗೀರಿ" ಅಂದರೂ ನಿಮಗೆ ಅನುಮತಿ ಸಿಕ್ಕ ಹಾಗಲ್ಲ, ಅದನ್ನು ಕೊಡುವ ಅಧಿಕಾರ ಅಪ್ಪನಿಗೂ ಇಲ್ಲ.

ಪ್ರಶ್ನೆ (ತಂದೆ, ರಾಯಚೂರು ಕಡೆಯವರು, ಬೆಂಗಳೂರಲ್ಲಿ ಗಾರೆ ಕೆಲಸ, ಪಕ್ಕದ ಮನೆ ಹುಡುಗನ ಕೈಲಿ ಬರೆಸಿದ್ದು):
ನನಗ ಓದಾಕ ಬರಂಗಿಲ್ರಿ. ಮೀಟಿಂಗ್ ಅಂದ್ರ ಹೋಗಿ ಬಾಗ್ಲಾಗ ನಿಂತು ಬರ್ತೀನಿ. ಏನ್ ಕೇಳ್ಬೇಕ್ರಿ ಅಲ್ಲಿ?

ಉತ್ತರ:
ಬಾಗಿಲಲ್ಲಿ ಯಾಕೆ ಅಣ್ಣ? ಒಳಗೆ ಹೋಗಿ ಕೂತುಕೊಳ್ಳಿ. ಪೋಷಕರನ್ನು ಆಗಾಗ ಕರೆದು ಮಗುವಿನ ಹಾಜರಾತಿ, ಕಲಿಕೆ ತಿಳಿಸುವುದು ಶಿಕ್ಷಕರ ಕರ್ತವ್ಯ ಅಂತ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿದೆ. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ನೀವು ಆ ಮನೆಗೆ ನೆಂಟರಲ್ಲ.

ಮೂರು ಮಾತು ಕೇಳಿ ಸಾಕು: ದಿನಾ ಬರ್ತಾನಾ, ಯಾರ ಸಹಾಯ ಇಲ್ಲದೆ ಓದ್ತಾನಾ, ಬಿಡುವಿನಲ್ಲಿ ಯಾರ ಜೊತೆ ಇರ್ತಾನೆ. ಎರಡನೆಯದಕ್ಕೆ ಅಲ್ಲೇ ಒಂದು ಸಾಲು ಓದಿಸಿ ಅನ್ನಿ. ನಿಮಗೆ ಅಕ್ಷರ ಬರದಿದ್ದರೂ ಮಗ ತಡವರಿಸುವುದು ಕಿವಿಗೆ ಗೊತ್ತಾಗುತ್ತದೆ.

ಇದನ್ನು ಓದುತ್ತಿರುವ ಶಿಕ್ಷಕರಿಗೆ ಕಹಿಯಾದರೂ ಹೇಳುತ್ತೇನೆ. ಕೆಲಸದ ದಿನ ಹನ್ನೊಂದು ಗಂಟೆಗೆ ಮೀಟಿಂಗ್ ಇಟ್ಟರೆ ಈ ಅಣ್ಣನ ಆ ದಿನದ ಕೂಲಿ ಹೋಯಿತು. ಪ್ಯಾಂಟು ಹಾಕಿದ ತಂದೆಗೆ ಕುರ್ಚಿ, "ಬನ್ನಿ ಸರ್", ಸಿಮೆಂಟು ಮೆತ್ತಿದ ಲುಂಗಿಗೆ "ಏನಯ್ಯಾ, ನಿನ್ನ ಮಗ...". ಮಗ ಅದನ್ನು ನೋಡುತ್ತಾ ನಿಂತಿರುತ್ತಾನೆ. ಪೋಷಕರು ಗೌರವ ಕೊಡುವುದಿಲ್ಲ ಅಂತ ನನ್ನ ಹತ್ತಿರ ದೂರಿದ ಎಷ್ಟೋ ಶಿಕ್ಷಕರು ಹೀಗೇ ಮಾತಾಡಿದ್ದನ್ನು ನಾನೇ ಕಂಡಿದ್ದೇನೆ.

ಹಾಸನದ ತಾಯಿ (ಮರುಪ್ರಶ್ನೆ):
ಇವತ್ತು ಹೋಗಿದ್ದೆ ಮೇಡಂ. "ಇನ್ಮೇಲೆ ಹೊಡೆಯಲ್ಲ, ಆದ್ರೆ ದಿನಾ ಮಗ್ಗಿ ಹೇಳಿಸಿ ಕಳಿಸಿ" ಅಂದ್ರು. ಮುಖ ಸ್ವಲ್ಪ ಬಿಗಿಯಾಗೇ ಇತ್ತು. ಈಗ್ಲೇ ಬರವಣಿಗೇಲಿ ಕೊಡ್ಲಾ?

ಉತ್ತರ:
ಬೇಡ. ಮುಖ ಬಿಗಿಯಾಗುವುದು ಸಹಜ, ಮಾತು ಕೊಟ್ಟಿದ್ದಾರಲ್ಲ. ನೀವು ಒಪ್ಪಿಕೊಂಡಿದ್ದನ್ನು ಮಾಡಿ: ಏಳರ ಮಗ್ಗಿ ಬಾಯಿಗೆ ಬಂದ ದಿನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಕಳಿಸಿ. ಹದಿನೈದು ದಿನ ನೋಟ್‌ಬುಕ್ ತಿದ್ದಿ ಬರುತ್ತಿದೆಯಾ ಗಮನಿಸಿ. ಬರದಿದ್ದರೆ ಆಗ ಅರ್ಜಿ.