ಮಂಜುಗಡ್ಡೆ ಬಿಟ್ಟ ಮೇಲೆ ಎಲ್ಲಿ ಗಾಳ ಹಾಕಬೇಕು: ಸರೋವರಕ್ಕೋ, ನದಿಗೋ?

ಪ್ರಶ್ನೆ

ಉತ್ತರ ಅಮೆರಿಕದ ಮಹಾ ಸರೋವರಗಳ ಕಡೆಗೆ ಬಂದು ನೆಲೆಸಿದ್ದೇನೆ. ಬೇಸಿಗೆಯಲ್ಲಿ ಗಾಳ ಹಾಕಿ ಅಭ್ಯಾಸವಿದೆ, ಆದರೆ ಮಾರ್ಚ್, ಏಪ್ರಿಲ್ ತಿಂಗಳುಗಳ ಅನುಭವವಿಲ್ಲ. ಮಂಜುಗಡ್ಡೆ ಕರಗಿದ ಕೂಡಲೇ ಸರೋವರದ ದಂಡೆಗೆ ಹೋಗುವುದು ಒಳ್ಳೆಯದೋ, ಅದಕ್ಕೆ ಸೇರುವ ನದಿಗಳಿಗೋ? ನೀರು ಹೇಗಿದ್ದರೆ ಹೊರಡಬಹುದು? ದೋಣಿ ಇಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಾನು ನದಿಯ ಪಕ್ಷ. ಮೊದಲನೆಯದಾಗಿ ತಾರೀಖನ್ನು ಮರೆತುಬಿಡಿ. ಒಂದು ಸಣ್ಣ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಿ. ಒಂದೇ ನದಿ ಒಂದು ವರ್ಷ ಮಾರ್ಚ್ ಮಧ್ಯದಲ್ಲೇ ಮೀನು ಕೊಡುತ್ತದೆ, ಇನ್ನೊಂದು ವರ್ಷ ಏಪ್ರಿಲ್ ಎರಡನೆಯ ವಾರದವರೆಗೂ ಕಾಯಿಸುತ್ತದೆ.

ಈ ಹೊತ್ತಿನಲ್ಲಿ ನದಿಗೆ ಏರಿ ಬರುವ ಮುಖ್ಯ ಮೀನು ಸ್ಟೀಲ್‌ಹೆಡ್. ಮೂಲತಃ ಪೆಸಿಫಿಕ್ ಕರಾವಳಿಯ ರೇನ್‌ಬೋ ಟ್ರೌಟ್ ಇದು. 1870ರ ದಶಕದಲ್ಲಿ ಇಲ್ಲಿಗೆ ತಂದು ಬಿಟ್ಟರು, ಇಲ್ಲಿ ಸರೋವರವನ್ನೇ ಸಮುದ್ರವೆಂದುಕೊಂಡು ಬೆಳೆಯುತ್ತದೆ. ಕೆಲವು ಮೀನುಗಳು ಹಿಂದಿನ ಶರತ್ಕಾಲದಲ್ಲೇ ನದಿಗೆ ಬಂದು ಚಳಿಗಾಲವನ್ನೆಲ್ಲ ಮಡುಗಳಲ್ಲಿ ಕಳೆದಿರುತ್ತವೆ, ಉಳಿದವು ಹಿಮ ಕರಗಿದ ನೀರಿನೊಂದಿಗೆ ಹೊಸದಾಗಿ ಬರುತ್ತವೆ. ನೀರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅವು ಆಳದ, ನಿಧಾನ ಹರಿವಿನ ಜಾಗ ಬಿಟ್ಟು ಕದಲುವುದಿಲ್ಲ. ಎರೆ ಬಾಯ ಹತ್ತಿರವೇ ಹೋಗಬೇಕು. 5, 6 ಡಿಗ್ರಿ ದಾಟಿತೆಂದರೆ ಮಡುವಿನ ಬಾಲದ ಕಡೆಗೆ, ಅಂದರೆ ನೀರು ಹೊರಬೀಳುವ ಕೊನೆಗೆ, ಕಲ್ಲುಗಳ ನಡುವಿನ ಸೆಳವಿಗೆ ಬರುತ್ತವೆ. ಆಗ ಎರೆಯನ್ನು ಹಿಂಬಾಲಿಸಿ ಬಂದು ಹಿಡಿಯುವುದೂ ಉಂಟು.

ಇನ್ನು ಬಣ್ಣ. ಚಹಾದಂಥ ರಾಡಿ ನೀರು ಕಂಡರೆ ಬಂದ ದಾರಿಯಲ್ಲೇ ಹಿಂತಿರುಗಿ. ತೀರಾ ತಿಳಿಯಾಗಿದ್ದರೆ ಮೀನು ನಿಮ್ಮನ್ನು ಮೊದಲು ನೋಡುತ್ತದೆ. ಮೊಣಕಾಲುದ್ದದ ನೀರಿನಲ್ಲಿ ನಿಂತಾಗ ಬೂಟಿನ ತುದಿ ಮಸುಕಾಗಿ ಕಾಣುವಂತಿದ್ದು, ನೀರಿಗೆ ಹಸಿರು ಛಾಯೆ ಇದ್ದರೆ ಅಂಥ ದಿನ ಕೆಲಸಕ್ಕೆ ರಜೆ ಹಾಕಿದರೂ ತಪ್ಪಿಲ್ಲ.

ಎಲ್ಲ ನದಿಗಳೂ ಒಂದೇ ರೀತಿ ತಿಳಿಯಾಗುವುದಿಲ್ಲ. ಈರಿ ಸರೋವರದ ದಕ್ಷಿಣ ದಂಡೆಯ ಹೊಳೆಗಳ ತಳದಲ್ಲಿ ಪದರಗಲ್ಲು ಇದೆ. ಮಳೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಉಬ್ಬುತ್ತವೆ, ಸಣ್ಣ ಹೊಳೆಗಳಾದರೆ ಒಂದೆರಡು ದಿನಗಳಲ್ಲಿ ಇಳಿದು ತಿಳಿಯಾಗುತ್ತವೆ. ಮಿಷಿಗನ್‌ನ ಪೀರ್ ಮಾರ್ಕೆಟ್, ಮ್ಯಾನಿಸ್ಟಿಯಂಥ ನದಿಗಳಿಗೆ ಮರಳು ನೆಲದಿಂದ ಅಂತರ್ಜಲ ಒಸರುತ್ತಿರುವುದರಿಂದ ಅಷ್ಟು ಏರಿಳಿತವಿಲ್ಲ. ಜೇಡಿಮಣ್ಣಿನ ಬಯಲಿನಲ್ಲಿ ಹರಿಯುವವು ಕೆಂಪಾದರೆ ವಾರಗಟ್ಟಲೆ ಹಾಗೆಯೇ ಇರುತ್ತವೆ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಮಾಪಕಗಳು ಬಹಳಷ್ಟು ನದಿಗಳಲ್ಲಿವೆ. ನೀರಿನ ಮಟ್ಟ, ಹರಿವು ಎರಡನ್ನೂ ಮೊಬೈಲಿನಲ್ಲೇ ನೋಡಬಹುದು. ಅಲ್ಲಿನ ನಕ್ಷೆಯ ಗೆರೆ ಮೇಲೇರುತ್ತಿದ್ದರೆ ಮನೆಯಲ್ಲಿರಿ, ಇಳಿಯತೊಡಗಿದರೆ ಚೀಲ ಕಟ್ಟಿ.

ಸಾಮಾನು ಹೆಚ್ಚೇನೂ ಬೇಡ. ಉದ್ದನೆಯ ಕೋಲು, ಬೆಂಡು, ಅದರ ಕೆಳಗೆ ಒಂದರ ನಂತರ ಒಂದು ಸಣ್ಣ ಸೀಸದ ಗುಂಡುಗಳು, ತುದಿಯಲ್ಲಿ ಟ್ರೌಟ್ ಮೊಟ್ಟೆಗಳನ್ನು ತೆಳು ಬಲೆಬಟ್ಟೆಯಲ್ಲಿ ಕಟ್ಟಿದ ಪುಟ್ಟ ಗಂಟು. ಹರಿವು ಮೇಲೆ ಜೋರು, ತಳದಲ್ಲಿ ನಿಧಾನ. ಬೆಂಡು ಮೇಲಿನ ವೇಗಕ್ಕೆ ಓಡಿದರೆ ಎರೆ ತಳ ಬಿಟ್ಟು ಮೇಲೇಳುತ್ತದೆ. ಆದ್ದರಿಂದ ಬೆಂಡನ್ನು ಸ್ವಲ್ಪ ತಡೆದು ಬಿಡಬೇಕು. ಎರೆ ಮುಂದೆ, ಬೆಂಡು ಹಿಂದೆ ಸಾಗಬೇಕು. ಬೆಂಡು ಮುಳುಗಲೇಬೇಕೆಂದೇನಿಲ್ಲ. ಒಂದು ಕ್ಷಣ ನಿಂತಂತಾದರೂ ಕೋಲೆತ್ತಿ. ಹತ್ತರಲ್ಲಿ ಒಂಬತ್ತು ಸಲ ಅದು ಕಲ್ಲೇ ಆಗಿರುತ್ತದೆ, ಇರಲಿ. ಬೆಳಗಿನ ಚಳಿಯಲ್ಲಿ ಕೋಲಿನ ಬಳೆಗಳಲ್ಲಿ ನೀರು ಹೆಪ್ಪುಗಟ್ಟಿ ದಾರ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಒಡೆಯಲು ಹೋದರೆ ಬಳೆಯ ಒಳಪದರ ಕಿತ್ತುಬರುತ್ತದೆ. ಕೋಲಿನ ತುದಿಯನ್ನು ನದಿಯಲ್ಲಿ ಅದ್ದಿ ಹಿಡಿದರೆ ತಾನೇ ಕರಗುತ್ತದೆ.

ಒಂದು ಕೋರಿಕೆ. ನದಿತಳದಲ್ಲಿ ಉಳಿದ ಕಲ್ಲಿಗಿಂತ ತಿಳಿಬಣ್ಣಕ್ಕೆ ಉಜ್ಜಿದಂತೆ ಕಾಣುವ ಜಲ್ಲಿಯ ಹಾಸು ಕಂಡರೆ ಅದರ ಮೇಲೆ ಕಾಲಿಡಬೇಡಿ. ಹೆಣ್ಣು ಮೀನು ಬಾಲದಿಂದ ಕೆದಕಿ ಮೊಟ್ಟೆ ಇಟ್ಟ ಜಾಗ ಅದು.

ಉತ್ತರ 2

ಮೇಲಿನವರು ಸ್ಟೀಲ್‌ಹೆಡ್ ಗುಂಗಿನಲ್ಲಿ ವಾಲೈ ಎಂಬ ಇನ್ನೊಂದು ಮೀನನ್ನು ಮರೆತೇಬಿಟ್ಟರು! ದೋಣಿಯಿಲ್ಲದ ಹೊಸಬರಿಗೆ ಓಹಾಯೋದ ಮೌಮಿ, ಸ್ಯಾಂಡಸ್ಕಿ ನದಿಗಳಿಗಿಂತ ಒಳ್ಳೆಯ ಶಾಲೆ ಇಲ್ಲ. ಈರಿಯ ಪಶ್ಚಿಮ ಭಾಗದ ಸರಾಸರಿ ಆಳ ಏಳೂವರೆ ಮೀಟರಿನಷ್ಟೇ ಇರುವುದರಿಂದ ಐದು ಸರೋವರಗಳಲ್ಲಿ ಬೇಗ ಬೆಚ್ಚಗಾಗುವ ನೀರು ಅದು. ಅಲ್ಲಿಂದ ವಾಲೈ ಹಿಂಡು ಹಿಂಡಾಗಿ ನದಿಗೇರಿ ಕಲ್ಲುತಳದ ಮೇಲೆ ಮೊಟ್ಟೆ ಇಡುತ್ತವೆ. ನೀರು ಸುಮಾರು 6ರಿಂದ 11 ಡಿಗ್ರಿ ಇರುವಾಗ ಭರಾಟೆ, ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ಗಂಡುಗಳು ಮೊದಲೇ ಬಂದು ಕೊನೆಯವರೆಗೂ ಇರುತ್ತವೆ. ದೊಡ್ಡ ಹೆಣ್ಣುಗಳು ಬಂದು ಮೊಟ್ಟೆ ಇಟ್ಟು ಬೇಗ ಇಳಿದುಬಿಡುತ್ತವೆ.

ಸೀಸವನ್ನು ತಳದಲ್ಲಿ ಉರುಳಿಸುತ್ತ, ಅದರ ಹಿಂದೆ ತೇಲುವ ತಲೆಯ ಜಿಗ್‌ಗೆ (ತಲೆಗುಂಡು ಕೂಡಿಸಿದ ಕೊಕ್ಕೆ) ರಬ್ಬರ್ ಬಾಲ ಸಿಕ್ಕಿಸಿ ಬಿಡುವುದು ಅಲ್ಲಿನ ಕ್ರಮ. ಎಳೆದು ಸೆಳೆದು ಮಾಡಬೇಡಿ. ಮೀನು ಗಾಳವನ್ನು ಬಾಯೊಳಗೆ ತೆಗೆದುಕೊಂಡಿದ್ದರೆ ಮಾತ್ರ ನಿಮ್ಮದು. ಬೆನ್ನಿಗೋ ಹೊಟ್ಟೆಗೋ ಚುಚ್ಚಿ ಬಂದದ್ದನ್ನು ಬಿಡಲೇಬೇಕು, ಇದು ಕಾನೂನು. ಈ ತಿಂಗಳುಗಳಲ್ಲಿ ರಾತ್ರಿ ಗಾಳ ನಿಷೇಧಿಸಿದ ಭಾಗಗಳೂ ಇವೆ. ಆ ವರ್ಷದ ನಿಯಮಪುಸ್ತಕವನ್ನು ಓದಿಕೊಂಡೇ ಹೋಗಿ.

ಗಾಳಿಯನ್ನೂ ನೋಡಿ. ನೈಋತ್ಯದಿಂದ ಜೋರಾಗಿ ಬೀಸಿದರೆ ಈರಿಯ ನೀರೆಲ್ಲ ಪೂರ್ವ ತುದಿಯ ಬಫಲೋ ನಗರದ ಕಡೆಗೆ ತಳ್ಳಲ್ಪಟ್ಟು ಪಶ್ಚಿಮದ ಅಳಿವೆಗಳಲ್ಲಿ ಮಟ್ಟ ಕುಸಿಯುತ್ತದೆ. ಈಶಾನ್ಯದ ಗಾಳಿ ಬಂದರೆ ಅಲ್ಲಿ ನೀರು ಏರಿ ಕೆಸರೂ ಏಳುತ್ತದೆ.

ಉತ್ತರ 3

ಮೌಮಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ಪಕ್ಕದವರ ದಾರ ಬಿಡಿಸುವುದರಲ್ಲೇ ಬೆಳಗು ಕಳೆಯುವ ಇಷ್ಟವಿದ್ದರೆ ಸರಿ. ಇಲ್ಲವಾದರೆ ಸರೋವರದ ದಂಡೆಯೇ ಲೇಸು ಎನ್ನುವವನು ನಾನು.

ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಏಪ್ರಿಲ್ ಬಿಸಿಲಿಗೆ ದಂಡೆಯ ತೆಳುನೀರು ಬೇಗ ಕಾಯುತ್ತದೆ, ನಡುಸರೋವರ ಇನ್ನೂ ಎರಡು ಮೂರು ಡಿಗ್ರಿಯಲ್ಲೇ ಇರುತ್ತದೆ. ಇವೆರಡೂ ಸಂಧಿಸುವಲ್ಲಿ ಬೆರೆತ ನೀರು 4 ಡಿಗ್ರಿಯಾಗಿ, ಭಾರಕ್ಕೆ ಕೆಳಗಿಳಿಯುತ್ತದೆ. ಹೀಗೆ ದಂಡೆಯುದ್ದಕ್ಕೂ ಗೋಡೆಯಂಥ ಒಂದು ಪಟ್ಟಿ ಏರ್ಪಟ್ಟು, ಬೆಚ್ಚಗಿನ ನೀರನ್ನೂ ನದಿ ತಂದ ಕೆಸರನ್ನೂ ಆಹಾರವನ್ನೂ ತೀರದ ಕಡೆಗೇ ಹಿಡಿದಿಡುತ್ತದೆ. ಆಳವಾದ ಒಂಟಾರಿಯೊ ಸರೋವರದಲ್ಲಿ ಈ ಪಟ್ಟಿ ದಿನದಿಂದ ದಿನಕ್ಕೆ ಒಳಸರಿಯುತ್ತ ಜೂನ್‌ವರೆಗೂ ಉಳಿಯುತ್ತದೆ. ಬೇಸಿಗೆಯಲ್ಲಿ ದೋಣಿಯಿಲ್ಲದೆ ಕಾಣಸಿಗದ ಬ್ರೌನ್ ಟ್ರೌಟ್ ಆಗ ಎರಡು ಮೂರು ಮೀಟರ್ ಆಳದಲ್ಲಿ, ಎಸೆತದ ಅಳವಿನಲ್ಲೇ ಓಡಾಡುತ್ತಿರುತ್ತದೆ. ಮಿಷಿಗನ್ ಸರೋವರದ ದಕ್ಷಿಣ ತುದಿಯಲ್ಲಿ ಕೋಹೋ ಸಾಲ್ಮನ್ ದಂಡೆಗೆ ಬರುವುದಕ್ಕೂ ಇದೇ ಬೆಚ್ಚನೆಯ ನೀರು ಕಾರಣ.

ಹಾಗಾಗಿ ಅಳಿವೆಯಲ್ಲಿ ನಿಂತು ಬಣ್ಣದ ಗೆರೆಯನ್ನು ಹುಡುಕಿ. ನದಿಯ ಕಂದು ನೀರು ಸರೋವರದ ಹಸಿರಿಗೆ ಸೇರುವ ಅಂಚು ದಡದಿಂದಲೇ ಸ್ಪಷ್ಟವಾಗಿ ಕಾಣುತ್ತದೆ. ಚಮಚದಂಥ ಲೋಹದ ಎರೆಯನ್ನು ಹಸಿರಿನ ಕಡೆಗೆ ಎಸೆದು ಅಂಚಿನ ಗುಂಟ ನಿಧಾನವಾಗಿ ಎಳೆಯಿರಿ. ಥರ್ಮಾಮೀಟರ್ ಇಲ್ಲೂ ಬೇಕು. ಧಕ್ಕೆಯ ಒಂದು ಮಗ್ಗುಲಿಗೂ ಇನ್ನೊಂದಕ್ಕೂ ಎರಡು ಡಿಗ್ರಿ ವ್ಯತ್ಯಾಸವಿರುವ ದಿನಗಳುಂಟು, ಮೀನೆಲ್ಲ ಬೆಚ್ಚಗಿನ ಮಗ್ಗುಲಿನಲ್ಲಿರುತ್ತವೆ. ಬಂದರಿನ ಮೂಲೆ, ಕಪ್ಪು ಕಲ್ಲಿನ ತಡೆಗೋಡೆ, ಬಿಸಿಲು ಬೀಳುವ ಕಡೆ ಇವೆಲ್ಲ ನೋಡಬೇಕಾದವು. ದಡದಿಂದ ಒಳಕ್ಕೆ ಜೋರು ಗಾಳಿ ಬೀಸಿದರೆ ಮೇಲಿನ ಬೆಚ್ಚನೆ ನೀರು ದೂರ ಸರಿದು ತಳದ ತಣ್ಣೀರು ಬರುತ್ತದೆ. ಆ ದಿನ ಬೇಕಿದ್ದರೆ ನದಿಯವರ ಮಾತು ಕೇಳಿ.

ಉತ್ತರ 4

ಮೀನಿನ ವಿಷಯ ಎಲ್ಲರೂ ಹೇಳಿದರು, ಮುಳುಗುವ ವಿಷಯ ಯಾರೂ ಹೇಳಲಿಲ್ಲ. ಈ ನೀರಿಗೆ ಬಿದ್ದವರ ಬಗ್ಗೆ 1-10-1 ಎಂಬ ಲೆಕ್ಕವಿದೆ: ಏದುಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವ ಮೊದಲು ಒಂದು ಗಂಟೆ. ಜೀವರಕ್ಷಕ ಜಾಕೆಟ್ ಇಲ್ಲದವರಿಗೆ ಆ ಒಂದು ಗಂಟೆ ಸಿಗುವುದೇ ಇಲ್ಲ. ಎದೆಯವರೆಗಿನ ರಬ್ಬರ್ ಉಡುಪು ತೊಟ್ಟರೆ ಸೊಂಟಕ್ಕೆ ಬೆಲ್ಟ್ ಬಿಗಿಯಿರಿ. ಧಕ್ಕೆಗಳ ಮೇಲೆ ಅಲೆ ಸಿಡಿದು ಹೆಪ್ಪುಗಟ್ಟಿದ್ದರೆ ಬೂಟಿಗೆ ಮುಳ್ಳಿನ ಪಟ್ಟಿ ಇಲ್ಲದೆ ಕಾಲಿಡಬೇಡಿ. ದಂಡೆಗೆ ಅಂಟಿಕೊಂಡಿರುವ ಮಂಜುಗಡ್ಡೆಯ ಮೇಲೆ ನಿಲ್ಲುವ ಯೋಚನೆಯನ್ನೂ ಬಿಡಿ. 2009ರ ಫೆಬ್ರವರಿಯಲ್ಲಿ ಈರಿಯ ಮೇಲೆ ಗಾಳಿಗೆ ಗಡ್ಡೆ ದಡದಿಂದ ಕಳಚಿಕೊಂಡಾಗ 130ಕ್ಕೂ ಹೆಚ್ಚು ಮಂದಿ ಸಿಕ್ಕಿಬಿದ್ದರು, ಒಬ್ಬರು ಜೀವ ಕಳೆದುಕೊಂಡರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಥರ್ಮಾಮೀಟರ್, ಬೆಲ್ಟ್ ಎರಡನ್ನೂ ತೆಗೆದುಕೊಳ್ಳುತ್ತೇನೆ. ಇನ್ನೊಂದೇ ಸಂದೇಹ: ನದಿಗೆ ಬೆಳಿಗ್ಗೆ ಹೋಗಬೇಕೋ, ಮಧ್ಯಾಹ್ನವೋ?

ಉತ್ತರ 1

ಸುತ್ತಲಿನ ಹಿಮವೆಲ್ಲ ಕರಗಿಹೋಗಿದ್ದರೆ ಮಧ್ಯಾಹ್ನ ಎರಡರಿಂದ ಸಂಜೆಯವರೆಗೆ. ಬಿಸಿಲಿಗೆ ನೀರು ಒಂದೆರಡು ಡಿಗ್ರಿ ಏರಿದರೂ ಮೀನು ಚುರುಕಾಗುತ್ತದೆ. ಕಾಡಿನಲ್ಲಿ, ಹೊಲಗಳಲ್ಲಿ ಇನ್ನೂ ಹಿಮ ಉಳಿದಿದ್ದರೆ ಅದೇ ಬಿಸಿಲು ಮಧ್ಯಾಹ್ನದ ಹೊತ್ತಿಗೆ ತಣ್ಣನೆಯ ರಾಡಿಯನ್ನು ನದಿಗೆ ಇಳಿಸುತ್ತದೆ. ಆಗ ಬೆಳಗಿನ ಹೊತ್ತೇ ವಾಸಿ. ಲೈಸೆನ್ಸ್ ಆಯಾ ರಾಜ್ಯದ್ದೇ ಬೇಕು, ಗಡಿ ದಾಟಿದರೆ ಇನ್ನೊಂದು. ಪೆನ್ಸಿಲ್ವೇನಿಯಾದಲ್ಲಂತೂ ಈರಿಗೂ ಅದರ ಹೊಳೆಗಳಿಗೂ ಲೈಸೆನ್ಸಿನ ಮೇಲೆ ಪ್ರತ್ಯೇಕ ಪರವಾನಗಿ ಕೇಳುತ್ತಾರೆ.