‘ಪೀಪ್ ಸೈಟ್’ಗೆ ಕನ್ನಡದಲ್ಲಿ ಏನನ್ನೋಣ? ಕಿಂಡಿಯೋ, ಬಳೆಯೋ, ಕಣ್ಣೋ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ಬಂದೂಕು ದುರಸ್ತಿಯ ಬಗ್ಗೆ ಇಂಗ್ಲಿಷಿನಲ್ಲಿರುವ ಬರೆಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೋಡುನಳಿಗೆಯ ಬೇಟೆ ರೈಫಲ್ಲಿಗೆ ‘ಪೀಪ್ ಸೈಟ್’, ಅಂದರೆ ತೂತಿನ ಮೂಲಕ ನೋಡಿ ಗುರಿ ಹಿಡಿಯುವ ಸಾಧನ, ಕೂರಿಸುವುದು ಹೇಗೆ ಎಂಬುದು ಅದರ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಯ ಮಾತು ಮುಗಿಯಿತು. ಆದರೆ ಕೋವಿಯ ಮಾತು ಮುಗಿದಿಲ್ಲ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಬೆಳೆ ಕಾಯಲು ಪಡೆದ ಲೈಸೆನ್ಸಿನ ಕೋವಿಗಳು ಇನ್ನೂ ಇವೆ. ಚುನಾವಣೆ ಬಂತೆಂದರೆ ಅವನ್ನು ಠಾಣೆಗೆ ಒಯ್ದು ಒಪ್ಪಿಸಿ ಬರುತ್ತಾರೆ. ನಳಿಗೆ, ಈಡು (ಹೊಡೆದ ಗುಂಡು), ಚರೆ, ತೋಟೆ (ಕಾರ್ಟ್ರಿಜ್), ಮಸಿ ಎಂದು ಇದಕ್ಕೆ ಬೇಕಾದ ಮಾತುಗಳನ್ನೆಲ್ಲ ನಾನು ಕಲಿತದ್ದು ಅಂಥ ಮನೆಗಳ ಜಗುಲಿಯಲ್ಲೇ. ಆ ಜಗುಲಿಯಲ್ಲೂ ಸಿಗದಿದ್ದ ಮಾತು ‘ಸೈಟ್’.

ಮೊದಲು ವಸ್ತು ಏನೆಂದು ಹೇಳಿಬಿಡುತ್ತೇನೆ. ಸಾಮಾನ್ಯ ರೈಫಲ್ಲಿನ ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮಣಿ ಇರುತ್ತದೆ, ಹಿಂದೆ ಒಂದು ಪಟ್ಟಿಯಲ್ಲಿ ಇಂಗ್ಲಿಷಿನ ವಿ ಆಕಾರದ ಕಚ್ಚು ಇರುತ್ತದೆ. ಇವೇ ಮುಂದಿನ, ಹಿಂದಿನ ಸೈಟುಗಳು. ಕಚ್ಚಿನೊಳಗೆ ಮಣಿ ಕೂತು, ಮಣಿಯ ಮೇಲೆ ಗುರಿ ಕೂತರೆ ಸರಿ. ಅಂದರೆ ಕಣ್ಣು ಮೂರು ದೂರಗಳನ್ನು ಒಟ್ಟಿಗೆ ಸಂಭಾಳಿಸಬೇಕು. ನಲವತ್ತೈದು ದಾಟಿದವರಿಗೆ ಇದು ಕಷ್ಟ: ಪಂಚಾಂಗ ಓದಲು ಕನ್ನಡಕ ಬೇಕಾದ ಕಣ್ಣಿಗೆ ಹತ್ತಿರದ ಕಚ್ಚು ಮಸುಕಾಗಿಬಿಡುತ್ತದೆ. ಪೀಪ್ ಸೈಟಿನಲ್ಲಿ ಕಚ್ಚಿನ ಬದಲು ಒಂದು ದುಂಡು ತೂತು. ಅದರ ಮೂಲಕ ನೋಡಿದರೆ ಮಣಿಯನ್ನು ನಡುವಿಗೆ ತಂದುಕೊಳ್ಳುವ ಕೆಲಸವನ್ನು ಕಣ್ಣು ತಾನಾಗಿಯೇ ಮಾಡುತ್ತದೆ. ತೂತು ಸಣ್ಣದಾದಷ್ಟೂ ಹತ್ತಿರದ್ದು, ದೂರದ್ದು ಎರಡೂ ಸ್ಪಷ್ಟವಾಗುತ್ತವೆ. ಆದರೆ ಬೆಳಕು ಕಡಿಮೆಯಾಗುತ್ತದೆ. ಒಟ್ಟಿನಲ್ಲಿ ತೂತನ್ನು ನೋಡುವುದಲ್ಲ, ತೂತಿನಿಂದ ನೋಡುವುದು. ಪದದಲ್ಲಿ ಈ ಭಾವ ಬರಬೇಕು ಎಂಬುದು ನನ್ನ ಹಟ.

ಮೊದಲ ಕರಡಿನಲ್ಲಿ ನಾನು ‘ಸೈಟ್’ ಎಂಬಲ್ಲೆಲ್ಲ ‘ಗುರಿ’ ಎಂದು ಬರೆದಿದ್ದೆ. ಹಿಂದಿನ ಗುರಿ, ಮುಂದಿನ ಗುರಿ, ಕಿಂಡಿಗುರಿ, ಹೀಗೆ. ಅದು ಎಷ್ಟು ದೊಡ್ಡ ತಪ್ಪು ಎಂದು ತಿಳಿದದ್ದು ಹಾಳೆಯನ್ನು ಭಾವನ ಕೈಗೆ ಕೊಟ್ಟಾಗ. ಈ ಕೆಲಸದಲ್ಲಿ ಒಂದು ಮೂಲ ನಿಯಮವಿದೆ: ಈಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಅದೇ ಕಡೆ ಸರಿಸಬೇಕು, ಮುಂದಿನದನ್ನಾದರೆ ಅದಕ್ಕೆ ಎದುರು ಕಡೆಗೆ. ನಾನು ಬರೆದದ್ದು: ‘ಈಡು ಎಡಕ್ಕೆ ಬೀಳುತ್ತಿದ್ದರೆ ಗುರಿಯನ್ನು ಬಲಕ್ಕೆ ಸರಿಸಿ.’ ಭಾವ ಓದಿ, “ಗುರಿ ಬಲಕ್ಕೆ ಸರ್ಸು ಹೇಳಿದ್ರೆ ಎಂತ ಸರ್ಸವು ಭಾವಾ? ಹಲಗೆಯನಾ?” ಎಂದು ಕೇಳಿದ. ಅವನು ಕೇಳಿದ್ದು ನ್ಯಾಯ. ಎಡಕ್ಕೆ ಹೋಗುತ್ತಿರುವ ಈಡಿನ ಎದುರಿನಿಂದ ಗುರಿಗೆ ನಿಲ್ಲಿಸಿದ ಹಲಗೆಯನ್ನು ಬಲಕ್ಕೆ ಸರಿಸಿದರೆ ತಪ್ಪು ಇನ್ನೂ ಹೆಚ್ಚಾಗಿ ಕಾಣುತ್ತದೆ. ಕನ್ನಡದ ‘ಗುರಿ’ ಹೊಡೆಯಬೇಕಾದ ವಸ್ತುವೂ ಹೌದು, ಹೊಡೆಯುವವನ ಕಣ್ಣಳತೆಯೂ ಹೌದು, ಬದುಕಿನ ಉದ್ದೇಶವೂ ಹೌದು. ಅದರ ತಲೆಯ ಮೇಲೆ ಇನ್ನೊಂದು ಕಬ್ಬಿಣದ ತುಂಡನ್ನು ಹೊರಿಸಬಾರದು. ಎರಡು ಮಿಲಿಮೀಟರಿನ ಲೆಕ್ಕ ಇದು: ಹಿಂದಿನ ಸೈಟಿನಿಂದ ಮಣಿಗೆ 24 ಇಂಚು ಇದ್ದು, 50 ಗಜದಲ್ಲಿ ಈಡು ಆರು ಇಂಚು ತಪ್ಪಿದರೆ, ಹಿಂದಿನ ಸೈಟು ಸರಿಯಬೇಕಾದದ್ದು ಸುಮಾರು ಎರಡೇ ಮಿಲಿಮೀಟರ್. ಇಷ್ಟು ಸೂಕ್ಷ್ಮದ ಕೆಲಸಕ್ಕೆ ಎರಡರ್ಥದ ಪದ ಆಗದು.

ಸರಿ, ‘ಗುರಿ’ ಬಿಟ್ಟೆ. ‘ರಂಧ್ರ’ ಎಂದರೆ ನೋಡುವ ಭಾವವೇ ಇಲ್ಲ. ‘ದ್ಯುತಿರಂಧ್ರ’ ಕ್ಯಾಮೆರಾಕ್ಕೆ ಅಂಟಿಕೊಂಡ ಪಠ್ಯಪುಸ್ತಕದ ಮಾತು. ‘ಇಣುಕುಗಿಂಡಿ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಕಿಂಡಿ ಎಂದೊಡನೆ ನಮಗೆಲ್ಲ ಉಡುಪಿಯ ಕನಕನ ಕಿಂಡಿ ನೆನಪಾಗುತ್ತದೆ, ಅಲ್ಲಿ ಯಾರೂ ಕಿಂಡಿಯನ್ನು ನೋಡುವುದಿಲ್ಲ, ಕಿಂಡಿಯಿಂದ ನೋಡುತ್ತಾರೆ. ಅಷ್ಟರಮಟ್ಟಿಗೆ ಅರ್ಥ ಸರಿಹೊಂದುತ್ತದೆ. ಆದರೆ ಕರಾವಳಿಯವರಿಗೆ ಕಿಂಡಿ ಅಣೆಕಟ್ಟಿನ ಕಿಂಡಿಯೂ ಇದೆ; ಕಿಂಡಿಯ ಸುತ್ತ ಒಂದು ಗೋಡೆ ಇದ್ದೇ ಇರುತ್ತದೆ. ಇನ್ನು ‘ಇಣುಕು’, ನಮ್ಮ ಕಡೆಯ ‘ಹಣಕು’, ಎರಡರಲ್ಲೂ ಕದ್ದು ನೋಡುವ ಛಾಯೆ.

ಇಲ್ಲಿ ಜೋಡುನಳಿಗೆಯ ರಚನೆಯೇ ಅಡ್ಡ ಬರುತ್ತದೆ. ಪಂದ್ಯದ ರೈಫಲ್ಲಿನಲ್ಲಿ ತೂತು ತೀರಾ ಸಣ್ಣದು, ಕಣ್ಣಿಗೂ ಹತ್ತಿರ. ಅದನ್ನು ಇಣುಕುಗಿಂಡಿ ಎಂದರೆ ನನ್ನ ತಕರಾರಿಲ್ಲ. ಜೋಡುನಳಿಗೆಯಲ್ಲಿ ಹಾಗೆ ಕಣ್ಣಿನ ಹತ್ತಿರ ಕೂರಿಸುವಂತಿಲ್ಲ. ನಳಿಗೆ ಮಡಚಿ ತೆರೆಯುವ ಸನ್ನೆ ಮತ್ತು ಸೇಫ್ಟಿಯ ಗುಂಡಿ ಎರಡೂ ಹಿಂಭಾಗದ ಮೇಲ್ಪಟ್ಟಿಯಲ್ಲಿ ಹೆಬ್ಬೆರಳಿನ ಕೆಳಗೇ ಇರುತ್ತವೆ. ದೊಡ್ಡ ತೋಟೆಯ ಒದೆತಕ್ಕೆ ಕಬ್ಬಿಣ ಬಂದು ಹುಬ್ಬಿಗೆ ಬಡಿಯುವ ಭಯ ಬೇರೆ. ಹಾಗಾಗಿ ಅದನ್ನು ಎರಡು ನಳಿಗೆಗಳ ನಡುವಿನ ದಿಂಡಿನ ಮೇಲೆ, ಕಣ್ಣಿನಿಂದ ದೂರದಲ್ಲಿ ಕೂರಿಸುತ್ತಾರೆ. ದೂರ ಹೋದಂತೆ ತೂತು ದೊಡ್ಡದಾಗಬೇಕು, ಅಂಚು ತೆಳುವಾಗಬೇಕು. ಕೊನೆಗೆ ಉಳಿಯುವುದು ಒಂದು ತೆಳ್ಳನೆ ಬಳೆ. ನೋಡುವಾಗ ಆ ಬಳೆಯೂ ಮಸುಕಾಗಿ ಕರಗಿಹೋಗುತ್ತದೆ. ಇದಕ್ಕೆ ಕಿಂಡಿ ಎನ್ನಲು ನನಗೆ ಮನಸ್ಸೇ ಬರುವುದಿಲ್ಲ, ಗೋಡೆಯೇ ಇಲ್ಲವಲ್ಲ. ‘ನೋಟಬಳೆ’ ಎಂದು ಕೆಲವು ದಿನ ಬರೆದು ನೋಡಿದೆ. ಆಕಾರ ಬಂತು, ಆದರೆ ಕಿವಿಗೆ ಅದು ಆಭರಣದಂಗಡಿಯ ಮಾತಾಗಿ ಕೇಳಿತು.

ಆಮೇಲೆ ಕಾರವಾರಕ್ಕೆ ಹೋದಾಗ ಬಂದರಿನ ಹತ್ತಿರ ಬಲೆ ಹೆಣೆಯುತ್ತಿದ್ದವರೊಬ್ಬರು ‘ಈ ಬಲೆಯ ಕಣ್ಣು ಸಣ್ಣದು’ ಎಂದರು. ಅಲ್ಲೇ ನಿಂತುಬಿಟ್ಟೆ. ಬಲೆಗೆ ಕಣ್ಣು, ಜರಡಿಗೆ ಕಣ್ಣು, ಸೂಜಿಗೆ ಕಣ್ಣು, ತೆಂಗಿನಕಾಯಿಗೆ ಮೂರು ಕಣ್ಣು, ಸೇತುವೆಗೂ ಕಣ್ಣು! ಸುತ್ತ ಅಂಚಿದ್ದು ನಡುವೆ ದಾರಿಯಿರುವುದನ್ನು ಕನ್ನಡ ಎಂದಿನಿಂದಲೂ ಕಣ್ಣು ಎನ್ನುತ್ತಿದೆ. ಕೋವಿಗೆ ಬಾಯಿ ಇದೆ, ಕುದುರೆ ಎಂಬ ಕೀಲು ಇದೆ. ಕಣ್ಣಿನ ಜಾಗ ಖಾಲಿ ಇದೆ. ಸೂಜಿಗಣ್ಣಿನ ಹಾಗೆ ‘ಕೋವಿಗಣ್ಣು’ ಎಂದರೆ ಹೇಗೆ? ತುದಿಯದು ‘ಮಣಿ’ಯೇ ಇರಲಿ. ಹಿಂದಿಯವರು ಅದನ್ನು ಮಕ್ಖಿ, ಅಂದರೆ ನೊಣ, ಎನ್ನುತ್ತಾರೆ. ಅದೂ ಚಂದ, ಆದರೆ ನಮಗೆ ಮಣಿ ಸಾಕು. ತೆರೆದ ಸೈಟಿಗೆ ‘ಕಚ್ಚು’. ಆಗ ನಿಯಮ ಹೀಗಾಗುತ್ತದೆ: ‘ಈಡು ಬಲಕ್ಕೆ ಹೋಗಬೇಕಾದರೆ ಕೋವಿಗಣ್ಣನ್ನು ಬಲಕ್ಕೆ ಸರಿಸಿ, ಮಣಿಯನ್ನಾದರೆ ಎಡಕ್ಕೆ.’ ಭಾವನಿಗೆ ಓದಿಸಿದೆ, ಈ ಸಲ ಹಲಗೆಯ ಮಾತು ಬರಲಿಲ್ಲ.

ಆಕ್ಷೇಪ ನನಗೂ ಹೊಳೆದಿದೆ. ಕೋವಿ ಎಂಬುದಕ್ಕೆ ಕೊಳವೆ ಎಂಬ ಅರ್ಥವೂ ಇರುವುದರಿಂದ ಕೋವಿಗಣ್ಣು ಎಂದರೆ ನಳಿಗೆಯ ತೂತು ಎಂದೇ ಯಾರಾದರೂ ತಿಳಿಯಬಹುದು. ಜೋಡುನಳಿಗೆಯನ್ನು ಎದುರಿನಿಂದ ಕಂಡವರಿಗಂತೂ ಎರಡು ಕಣ್ಣು ದಿಟ್ಟಿಸಿದಂತೆಯೇ ಕಾಣುತ್ತದೆ. ‘ಹಿಂಗಣ್ಣು’ ಎಂದರೆ ಆ ಗೊಂದಲ ತಪ್ಪುತ್ತದೆ, ಆದರೆ ಬೆನ್ನಿಗೆ ಕಣ್ಣಿದ್ದಂತೆ ಕೇಳುತ್ತದೆ.

ಇನ್ನೊಂದು ಚಿಕ್ಕ ಪ್ರಶ್ನೆ. ಜೋಡುನಳಿಗೆಯ ಎರಡೂ ನಳಿಗೆಗಳ ಈಡು ಒಂದೇ ಕಡೆ ಬೀಳುವಂತೆ ತಯಾರಕರು ಹೊಡೆದು ನೋಡಿ, ತುದಿಯ ಬೆಸುಗೆ ಕರಗಿಸಿ, ನಡುವಿನ ಬೆಣೆ ಸರಿಸಿ, ಮತ್ತೆ ಹೊಡೆದು ನೋಡುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ‘ರೆಗ್ಯುಲೇಟ್’. ‘ನಿಯಂತ್ರಿಸು’ ಖಂಡಿತ ಅಲ್ಲ. ಯಕ್ಷಗಾನದ ಚೌಕಿಯಲ್ಲಿ ಮದ್ದಳೆಯನ್ನು ತಟ್ಟಿ ಕೇಳಿ, ಮತ್ತೆ ತಟ್ಟಿ ಕೇಳಿ ಶ್ರುತಿ ಮಾಡುವುದು ನೆನಪಾಗಿ ‘ನಳಿಗೆಗಳನ್ನು ಶ್ರುತಿಗೂಡಿಸು’ ಎಂದು ಬರೆದಿದ್ದೇನೆ. ಕೋವಿಗಣ್ಣನ್ನು ಎಷ್ಟು ಸರಿಸಿದರೂ ಎರಡು ಈಡುಗಳೂ ಜೊತೆಯಾಗಿ ಸರಿಯುತ್ತವೆಯೇ ಹೊರತು ಕೆಟ್ಟ ಶ್ರುತಿ ಸರಿಹೋಗುವುದಿಲ್ಲ ಎಂದು ವಿವರಿಸಲು ಈ ಮಾತು ಒದಗಿಬಂತು.

ಕೊಡಗು, ಮಲೆನಾಡು, ಕರಾವಳಿಯ ಹಿರಿಯರ ಬಾಯಲ್ಲಿ ಕೋವಿಯ ಕಚ್ಚಿಗೆ, ಮಣಿಗೆ ಬೇರೆ ಹೆಸರು ಕೇಳಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ. ಪೊಲೀಸ್ ಇಲಾಖೆಯಲ್ಲಿದ್ದವರು, ಎನ್‌ಸಿಸಿಯಲ್ಲಿ ಕಲಿತವರು ಇದ್ದರೆ ಇನ್ನೊಂದು ಕೇಳಬೇಕು: ಎಸ್‌ಎಲ್‌ಆರ್‌ ರೈಫಲ್ಲಿನ ಹಿಂದಿನ ಸೈಟ್ ತೂತಿನದು, ಹಳೆಯ .303 ರೈಫಲ್ ಮಾರ್ಕ್ ಮೂರರದು ಕಚ್ಚಿನದು. ಇವೆರಡನ್ನು ಕವಾಯತಿನಲ್ಲಿ ಕನ್ನಡದಲ್ಲಿ ಹೇಗೆ ಬೇರೆ ಮಾಡಿ ಹೇಳುತ್ತಿದ್ದರು?